ಹುನಗುಂದದಿಂದ ತಂದ ಕಂಪೈಲರ್

ಬೆಳಿಗ್ಗೆ ಹತ್ತರ ಹೊತ್ತಿಗೆ ಗುಳೇದಗುಡ್ಡದ ನೇಕಾರರ ಓಣಿಯಲ್ಲಿ ಮಗ್ಗಗಳ ಸದ್ದು ಒಂದು ಗಳಿಗೆ ತಗ್ಗಿತೆಂದರೆ ಮುರ್ತುಜಸಾಬರು ಅಂಗಡಿಗೆ ಹೊರಟಿದ್ದಾರೆಂದು ತಿಳಿಯಬೇಕಿತ್ತು. ನೇಯಲಿಕ್ಕೆ ಎರಡೂ ಕೈ ಬೇಕು, ನಮಸ್ಕಾರ ಮಾಡಲಿಕ್ಕೂ ಎರಡೂ ಕೈ ಬೇಕು. ಸಾಬರು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆದೂಗುತ್ತ, ದಂಡಯಾತ್ರೆ ಮುಗಿಸಿ ರಾಜಧಾನಿಗೆ ಮರಳುವ ಅರಸನ ಗತ್ತಿನಲ್ಲಿ ನಡೆಯುತ್ತಿದ್ದರು. ಹಿಂದೆ ದಂಡು ಇರಲಿಲ್ಲ. ಕೈಯಲ್ಲಿ ಊಟದ ಡಬ್ಬಿ ಇತ್ತು.

ಅವರ ಕಸುಬು ನಕ್ಷೆ ಬರೆಯುವುದು. ಕುಪ್ಪಸಕ್ಕೆಂದು ನೇಯುವ ಖಣದ ಬಟ್ಟೆಯ ಮೇಲೆ ಒಂದು ಚಿಕ್ಕಿ ಮೂಡಬೇಕಾದರೂ ಮೊದಲು ಅದನ್ನು ಚೌಕಳಿ ಕಾಗದದ ಮೇಲೆ ಬರೆದುಕೊಳ್ಳಬೇಕು. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗುಳಿಯಬೇಕು ಎಂದು ಚೌಕ ಚೌಕಕ್ಕೂ ಗುರುತು ಮಾಡಬೇಕು. ಇದರಲ್ಲಿ ಸಾಬರಿಗೆ ಸರಿಸಾಟಿ ಇರಲಿಲ್ಲ. ಅವರು ಬರೆದ ನವಿಲು ಕುಪ್ಪಸದ ತೋಳಿನ ಮೇಲೆ ಕೂತರೆ ತೋಳು ಅಲ್ಲಾಡಿದಾಗ ತಾನೂ ಕತ್ತು ಕೊಂಕಿಸುತ್ತಿತ್ತು. ಅದರಲ್ಲಿ ಸುಳ್ಳಿಲ್ಲ.

ಆದರೆ ಓಣಿಯ ಮಗ್ಗಗಳನ್ನು ನಿಲ್ಲಿಸುವಂಥ ಕೀರ್ತಿ ಬಂದದ್ದು ನವಿಲಿನಿಂದಲ್ಲ, ಕಂಪ್ಯೂಟರಿನಿಂದ. ಅಂಗಡಿಯ ಕಂಪ್ಯೂಟರಿನಲ್ಲಿ ‘ಮುರ್ತುಜಾ’ ಎಂಬ ಪ್ರೋಗ್ರಾಮ್ ಇತ್ತು. ಚಿತ್ರದ ಫೋಟೊ ಕೊಟ್ಟರೆ ಅದು ತಾನೇ ಚೌಕಗಳನ್ನು ಎಣಿಸಿ, ಮಗ್ಗಕ್ಕೆ ಪೋಣಿಸುವ ರಟ್ಟಿನ ಪಟ್ಟಿಗಳಲ್ಲಿ ಎಲ್ಲೆಲ್ಲಿ ತೂತು ಹೊಡೆಯಬೇಕೆಂದು ಹೇಳುತ್ತಿತ್ತು. ವಾರ ಹಿಡಿಯುತ್ತಿದ್ದ ಕೆಲಸ ಚಹಾ ಆರುವುದರೊಳಗೆ ಮುಗಿಯುತ್ತಿತ್ತು. ಪ್ರೋಗ್ರಾಮ್ ತೆರೆದೊಡನೆ ಪರದೆಯ ತುಂಬ ‘ರಚನೆ: ಮುರ್ತುಜಸಾಬ, ಗುಳೇದಗುಡ್ಡ’ ಎಂದು ಬರುತ್ತಿತ್ತು.

ಆ ಸಾಲಿನಲ್ಲಿ ‘ಗುಳೇದಗುಡ್ಡ’ ಎಂಬುದಷ್ಟೇ ನಿಜ.

ಬರೆದವಳು ರಾಜಶ್ರೀ. ಗುಡೂರಿನ ಅಮಸಿದ್ದಪ್ಪನ ಮಗಳು. ಕುರಿ ಸಾಕುವ, ಬೀರಪ್ಪನಿಗೆ ನಡೆದುಕೊಳ್ಳುವ ಮನೆ. ಬಾಗಲಕೋಟೆಯಲ್ಲಿ ಡಿಪ್ಲೊಮಾ ಮುಗಿಸಿ, ಮದುವೆಗೆ ಮೊದಲು ಕೆಲವು ವರ್ಷ ಸಾಬರ ಅಂಗಡಿಯ ಒಳಕೋಣೆಯಲ್ಲಿ ಕೂತು ದುಡಿದಳು. ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದ ಅವಳಿಗೆ ಓಣಿಯವರು ‘ಗುಡೂರ ಹುಡುಗಿ’ ಎನ್ನುತ್ತಿದ್ದರು. ಹೆಸರೇನೆಂದು ಯಾರೂ ಕೇಳಲಿಲ್ಲ. ಸಾಬರೂ ಹೇಳಲಿಲ್ಲ.

ಅವಳು ಪ್ರೋಗ್ರಾಮಿನ ಹೆಚ್ಚಿನ ಪಾಲನ್ನು ಪೈಥಾನ್ ಎಂಬ ಭಾಷೆಯಲ್ಲಿ ಬರೆದಿದ್ದಳು. ಬರೆದದ್ದನ್ನು ಬರೆದ ಹಾಗೆಯೇ ಓದಿಕೊಂಡು ನಡೆಯುವ ಸಾಧು ಭಾಷೆ ಅದು. ಆದರೆ ಲಕ್ಷಗಟ್ಟಲೆ ಚೌಕ ಎಣಿಸು ಎಂದರೆ ಏರು ಹತ್ತುವ ಎತ್ತಿನ ಹಾಗೆ ಏದುತ್ತದೆ. ಅದಕ್ಕೇ ಎಣಿಕೆಯ ಪಾಲನ್ನು ಮಾತ್ರ ಅವಳು ಸಿ ಎಂಬ ಬಿರುಸಿನ ಭಾಷೆಯಲ್ಲಿ ಬರೆದು, ಇಳಕಲ್ ಸೀರೆಯ ಒಡಲಿಗೆ ರೇಷ್ಮೆಯ ಸೆರಗನ್ನು ಕೊಂಡಿ ಹಾಕಿ ಕೂಡಿಸುವಂತೆ ಪೈಥಾನಿಗೆ ಕೂಡಿಸಿದ್ದಳು. ಸಿ ಭಾಷೆಯಲ್ಲಿ ಬರೆದದ್ದು ತಾನಾಗಿ ನಡೆಯುವುದಿಲ್ಲ. ಕಂಪೈಲರ್ ಎಂಬ ಇನ್ನೊಂದು ಪ್ರೋಗ್ರಾಮು ಅದನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತಿರುಗಿಸಿ ಕೊಡಬೇಕು. ಒಮ್ಮೆ ಕೊಟ್ಟರೆ ಆಮೇಲೆ ಅದರ ಓಟವೇ ಓಟ.

‘ಮುರ್ತುಜಾ’ ಎಂದು ಹೆಸರಿಟ್ಟವಳೂ ಅವಳೇ, ತಾನು ಕಾಕಾ ಎಂದು ಕರೆಯುತ್ತಿದ್ದ ಸಾಬರ ಮೇಲಿನ ಪ್ರೀತಿಯಿಂದ. ‘ರಚನೆ’ ಎಂಬ ಸಾಲು ಬಂದದ್ದು ಅವಳು ಮದುವೆಯಾಗಿ ಹುನಗುಂದಕ್ಕೆ ಹೋದ ಮೇಲೆ. ಇಡೀ ಪ್ರೋಗ್ರಾಮಿನಲ್ಲಿ ಸಾಬರು ಸ್ವಂತ ಕೈಯಿಂದ ಬರೆದದ್ದು ಆ ಒಂದೇ ಸಾಲು.

ಹಾಗೆಂದು ಸಾಬರು ಸುಳ್ಳುಗಾರರಲ್ಲ. ಅವರು ಸುಮ್ಮನಿದ್ದರು, ಅಷ್ಟೆ. ಮೊದಲ ಖಣ ಮಗ್ಗದಿಂದ ಇಳಿದಾಗ ಜನ ಬೆರಗಾಗಿ ಕೇಳಿದರು, “ಇದನ್ನೆಲ್ಲಾ ಹೆಂಗ ಮಾಡಿದ್ರಿ ಸಾಬ್ರ?” ಸಾಬರು ವಿನಯದಿಂದ, “ಅದರಾಗೇನೈತ್ರಿ, ಮನಸ್ಸಿಟ್ರ ಆಗ್ತೈತಿ,” ಎಂದರು. ಆ ಮಾತಿನಲ್ಲಿ ಯಾರ ಮನಸ್ಸು ಎಂಬುದಿರಲಿಲ್ಲ. ವಿನಯ ಹೆಚ್ಚಾದಷ್ಟೂ ಕೀರ್ತಿ ಹೆಚ್ಚಿತು. ನೇಕಾರರ ಸಂಘದವರು ಹಾರ ಹಾಕಿದರು. ಪತ್ರಿಕೆಯಲ್ಲಿ ಫೋಟೊ ಬಂತು. ಹಾರದ ಮೇಲೆ ಕಾಣುತ್ತಿದ್ದದ್ದು ಕನ್ನಡಕ ಮತ್ತು ಟೊಪ್ಪಿಗೆ ಮಾತ್ರ. ಅಂದಿನಿಂದ ಸಾಬರು ರಾಜಶ್ರೀಗೆ ಫೋನ್ ಮಾಡುವುದನ್ನು ಬಿಟ್ಟರು. ಮಾಡಿದರೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಮಾಡದೆ ದಿನ ಕಳೆದಂತೆ ಮಾಡುವುದು ಇನ್ನಷ್ಟು ಕಠಿಣವಾಯಿತು.

ಹೀಗಿರುವಾಗ ಮುಂಗಾರಿನ ಸಿಡಿಲೊಂದು ಎಲ್ಲ ಬಿಟ್ಟು ಸಾಬರ ಕಂಪ್ಯೂಟರನ್ನೇ ಆರಿಸಿಕೊಂಡಿತು. ಓಣಿಯ ಮಗ್ಗಗಳಿಗೆ ಹೊಸ ನಕ್ಷೆ ನಿಂತುಹೋಯಿತು. ಸಂಘದವರು ಕೂಡಲೇ ಹೊಸ ಕಂಪ್ಯೂಟರ್ ತಂದು ಸಂಘದ ಸಭಾಂಗಣದಲ್ಲೇ ಇಟ್ಟು, “ಇದರಾಗ ನಿಮ್ಮ ಮುರ್ತುಜಾನ ಕೂಡಸ್ರಿ,” ಎಂದರು.

ಇಲ್ಲಿ ಸಾಬರು ಮಾಡಿದ ತಪ್ಪನ್ನು ನೇಕಾರರ ಊರಿನವರು ಮಾತ್ರ ಮಾಡಬಲ್ಲರು. ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟಿದ ಎಳೆಗಳ ಹಾಸು ನೇಯ್ದು ಮುಗಿದಾಗ ನಮ್ಮಲ್ಲಿ ಅದನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಎಳೆ ಪೋಣಿಸುವ ಹಣಿಗೆಯಲ್ಲಿ ಹಳೆಯ ಎಳೆಗಳ ತುದಿ ಉಳಿಸಿಕೊಂಡು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ತುದಿಗೆ ಬೂದಿ ಹಚ್ಚಿ ಹೊಸೆದು ಕೂಡಿಸಿ, ಹಳೆಯದರ ಬೆನ್ನಿಗೇ ಹೊಸದನ್ನು ಎಳೆದುಕೊಳ್ಳುತ್ತಾರೆ. ಎಲ್ಲವನ್ನೂ ಹೊಸದಾಗಿ ಪೋಣಿಸುವ ಕಷ್ಟ ತಪ್ಪುತ್ತದೆ. ಹುಟ್ಟಿದಾಗಿನಿಂದ ಇದನ್ನೇ ನೋಡಿ ಬೆಳೆದ ಸಾಬರಿಗೆ ಹೊಸ ಯಂತ್ರದಲ್ಲಿ ಎಲ್ಲ ಹೊಸದಾಗಿ ಹಾಕಬೇಕು ಎಂಬ ವಿಚಾರವೇ ಬರಲಿಲ್ಲ. ರಾಜಶ್ರೀ ಹೋಗುವಾಗ ತನ್ನ ಲ್ಯಾಪ್‌ಟಾಪಿನಿಂದ ತೆಗೆದುಕೊಟ್ಟಿದ್ದ ನಕಲು ಅವರಲ್ಲಿತ್ತು. ಅದರಲ್ಲಿ ಪ್ರೋಗ್ರಾಮಿನ ಜೊತೆಗೆ ಅವಳ ಪೈಥಾನೂ, ಸಾಬರು ಆಮೇಲೆ ಅದರಲ್ಲೂ ಸೇರಿಸಿದ್ದ ‘ರಚನೆ’ಯ ಸಾಲೂ ಇದ್ದವು. ಅದನ್ನೇ ಇಡಿಯಾಗಿ ಹೊಸ ಕಂಪ್ಯೂಟರಿಗೆ ಎಳೆದುಕೊಂಡರು.

ಹೊಸ ಯಂತ್ರಕ್ಕೆ ಹಳೆಯ ಸಿ ಪಾಲು ಒಗ್ಗಲಿಲ್ಲ. ಇಂಥ ವೇಳೆಗೆಂದು ರಾಜಶ್ರೀ ಒಂದು ಸಾಲಿನ ಆಜ್ಞೆ ಹೇಳಿಕೊಟ್ಟಿದ್ದಳು. ಅದನ್ನು ಕೊಟ್ಟರೆ ಸಿ ಪಾಲು ಮತ್ತೆ ಹೊಸದಾಗಿ ಕಂಪೈಲ್ ಆಗಬೇಕು. ಸಾಬರು ಅದನ್ನು ಮಂತ್ರದಂತೆ ಬಾಯಿಪಾಠ ಮಾಡಿದ್ದರು. ಗುಟ್ಟಾಗಿ ಮಾಡಿ ನೋಡಬಹುದಿತ್ತು. ಆದರೆ ಸಂಘದ ಕಾರ್ಯದರ್ಶಿ ಆನಂದನಿಗೆ ಸಮಾರಂಭದ ಹುಚ್ಚು. ಗೋಡೆಗೆ ಬಿಳಿ ಪಂಚೆ ಕಟ್ಟಿಸಿ, ಪ್ರೊಜೆಕ್ಟರ್ ತರಿಸಿ, ಓಣಿಯ ಮಂದಿಯನ್ನೆಲ್ಲ ಕೂಡಿಸಿದ. ಹೊಸ ಯಂತ್ರದಲ್ಲಿ ‘ಮುರ್ತುಜಾ’ ಎದ್ದು ನಿಂತರೆ ಸಾಬರ ಕಿರೀಟ ಉಳಿಯಿತು. ಏಳದಿದ್ದರೆ, ತಾನೇ ಬರೆದದ್ದನ್ನು ತಾನೇ ಎಬ್ಬಿಸಲಾರರೇ ಎಂಬ ಪ್ರಶ್ನೆ ಏಳುತ್ತದೆ. ಇದನ್ನು ಬಲ್ಲವರು ಆ ಸಭೆಯಲ್ಲಿ ಒಬ್ಬರೇ. ಅವರು ಬೆರಳು ನೆಟಿಗೆ ಮುರಿದುಕೊಂಡು ಕೀಲಿಮಣೆಯ ಮುಂದೆ ಕೂತರು.

ಮಂತ್ರ ಬಿತ್ತು. ಗೋಡೆಯ ಪಂಚೆಯ ಮೇಲೆ ಒಂದಿಷ್ಟು ಅಕ್ಷರಗಳು ಸರಸರನೆ ಹರಿದು, ಕೆಂಪು ಸಾಲಿನಲ್ಲಿ ಗಕ್ಕನೆ ನಿಂತವು.

“ಸಾಬ್ರ, ಇದೇನ ಕೆಂಪಗ ಬಂತಲ್ರಿ?” ಎಂದ ಆನಂದ.

“ಹೊಸಾ ಮಷೀನಲ್ಲೇನಪಾ, ಒಂದೀಟು ನಾಚಿಕಿ ಇರ್ತೈತಿ.”

ಜನ ನಕ್ಕರು. ಆದರೆ ಆನಂದ ಡಿಗ್ರಿ ಓದಿದವನು. ಕಣ್ಣು ಕಿರಿದು ಮಾಡಿ ಇಂಗ್ಲಿಷ್ ಅಕ್ಷರಗಳನ್ನು ಗಟ್ಟಿಯಾಗಿ ಓದಿಯೇಬಿಟ್ಟ. “ಹೋಮ್... ರಾಜಶ್ರೀ... ಟೂಲ್ಸ್... ಜಿಸಿಸಿ. ನಾಟ್ ಫೌಂಡ್. ಸಾಬ್ರ, ರಾಜಶ್ರೀ ಅಂತ ಯಾರೋ ಸಿಗವಲ್ರಂತ್ರಿ.”

ಆದದ್ದು ಇಷ್ಟು. ರಾಜಶ್ರೀ ತನ್ನ ಲ್ಯಾಪ್‌ಟಾಪಿನಲ್ಲಿ, ತನ್ನ ಹೆಸರಿನ ಫೋಲ್ಡರಿನೊಳಗೆ ಜಿಸಿಸಿ ಎಂಬ ಕಂಪೈಲರನ್ನು ಇಟ್ಟುಕೊಂಡು, ಅದರಿಂದಲೇ ಆ ಪೈಥಾನನ್ನು ಕಟ್ಟಿದ್ದಳು. ಪೈಥಾನ್ ತನ್ನನ್ನು ಹುಟ್ಟಿಸಿದ ಕಂಪೈಲರ್ ಯಾವುದು, ಅದರ ಮನೆ ಎಲ್ಲಿ ಎಂಬುದನ್ನು ನೆನಪಿಟ್ಟುಕೊಂಡಿರುತ್ತದೆ. ಮುಂದೆ ಯಾವ ಸಿ ಪಾಲನ್ನು ಕೂಡಿಸಬೇಕಾದರೂ ಅದೇ ಕಂಪೈಲರನ್ನು ಅದೇ ವಿಳಾಸದಲ್ಲಿ ಹುಡುಕುತ್ತದೆ. ಹೊಸ ಯಂತ್ರದಲ್ಲಿ ಕಂಪೈಲರ್ ಇರಲಿಲ್ಲವೆಂದಲ್ಲ, ಇತ್ತು. ಆದರೆ ನಿಷ್ಠಾವಂತ ಪೈಥಾನ್ ಅದರ ಕಡೆ ಕಣ್ಣೆತ್ತಿಯೂ ನೋಡದೆ, ತುಂಬಿದ ಸಭೆಯಲ್ಲಿ, ರಾಜಶ್ರೀಯ ಮನೆ ಎಲ್ಲಿ ಎಂದು ಕೇಳುತ್ತಿತ್ತು.

“ಯಾವಾಕಿ ಆಕಿ, ರಾಜಶ್ರೀ?” ಎಂದಳು ಮುಂದೆಯೇ ಕೂತಿದ್ದ ಸಿದ್ದಲಿಂಗವ್ವ. ಓಣಿಯಲ್ಲಿ ಎಲ್ಲರಿಗಿಂತ ಹಿರಿಯ ನೇಕಾರ್ತಿ. ಅವಳು ಕೇಳಿದ್ದಕ್ಕೆ ಉತ್ತರ ಕೊಡದೆ ಮನೆಗೆ ಹೋದವರಿಲ್ಲ.

ಸಾಬರ ಕಿವಿ ಬಿಸಿಯಾದವು. ನಿಜ ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ. ಅವರು ಬಾಯಿ ತೆರೆದರು. ಬಾಯಿಂದ ಬಂದದ್ದು ಬೇರೆ.

“ಅದು ಕಂಪೈಲರಿನ ಹೆಸರ ಯವ್ವಾ.”

“ಹೆಣ್ಮಗಳ ಹೆಸರ ಇಟ್ಟಾರಲ್ಲ.”

“ಕಂಪನಿಯವ್ರು ಹಂಗ ಇಡ್ತಾರ.”

“ಛಲೋ ಇಟ್ಟಾರ ಬಿಡು. ಈಗ ಆಕಿ ಎಲ್ಲಿ ಸಿಗ್ತಾಳ?”

ಸುಳ್ಳು ಹೇಳುವ ರೂಢಿ ಇಲ್ಲದವರ ಪಾಡೇ ಇದು. ಮೊದಲನೆಯ ಪ್ರಶ್ನೆಗೆ ಹೇಗೋ ಸುಳ್ಳು ಹೊಂದಿಸುತ್ತಾರೆ. ಎರಡನೆಯದಕ್ಕೆ ನಿಜ ತಾನಾಗಿ ಜಾರಿಬಿಡುತ್ತದೆ.

“ಹುನಗುಂದದಾಗ,” ಎಂದರು ಸಾಬರು.

ಆನಂದನಿಗೆ ಅನುಮಾನ ಬಂತು. “ಹುನಗುಂದದಾಗ ಕಂಪೈಲರ್ ಮಾರ್ತಾರೇನ್ರಿ? ಬಾಗಲಕೋಟ್ಯಾಗ ಸಿಗೂದಿಲ್ಲ?”

“ಈ ಮಾಡೆಲ್ ಬಾಗಲಕೋಟ್ಯಾಗ ಸಿಗೂದಿಲ್ಲಪಾ.”

“ಹಂಗಾರ ತಡಾ ಯಾಕ? ಸಂಘದಿಂದ ಯಾರನ್ನರೆ ಕಳಸೂನು.”

“ಬ್ಯಾಡ ಬ್ಯಾಡ,” ಎಂದರು ಸಾಬರು ಗಾಬರಿಯಲ್ಲಿ. “ನಾನ ಹೋಗಿ ತರ್ತೇನಿ. ಭಾಳ ನಾಜೂಕ ಇರ್ತೈತಿ.”

ಸಭೆ ಒಮ್ಮತದಿಂದ ಒಪ್ಪಿತು. ಸಾಬರು ಖುದ್ದಾಗಿ ಹುನಗುಂದಕ್ಕೆ ಹೋಗಿ ರಾಜಶ್ರೀಯನ್ನು ತರತಕ್ಕದ್ದು. ಚಪ್ಪಾಳೆಯಾಯಿತು. ಸಾಬರು ತಮ್ಮ ಚಪ್ಪಲಿಗಳನ್ನು ನೋಡುತ್ತ ಹೊರಬಂದರು.

ಮರುದಿನದಿಂದ ಆ ರಾಜಮಾರ್ಗವೇ ಅವರಿಗೆ ಮುಳ್ಳಿನ ದಾರಿಯಾಯಿತು. ಮಗ್ಗ ಈಗಲೂ ನಿಲ್ಲುತ್ತಿದ್ದವು, ಆದರೆ ನಮಸ್ಕಾರದ ಜಾಗದಲ್ಲಿ, “ಸಾಬ್ರ, ರಾಜಶ್ರೀ ಬಂದ್ಲೇನ್ರಿ?” ಎಂಬ ಪ್ರಶ್ನೆ ಬರುತ್ತಿತ್ತು. ಚಹಾದ ಹೋಟೆಲಿನಲ್ಲಿ ಒಬ್ಬ ಇನ್ನೊಬ್ಬನಿಗೆ, “ನಿನ್ನ ಮೋಟರ್ ಚಾಲೂ ಆಗವಲ್ದು ಅಂದ್ರ ಅದರಾಗ ರಾಜಶ್ರೀ ಕೆಟ್ಟಿರಬೇಕ ನೋಡಲೇ,” ಎನ್ನುವುದನ್ನು ಸಾಬರು ಕಿವಿಯಾರೆ ಕೇಳಿದರು. ಅಂದಿನಿಂದ ಗುಡ್ಡದ ಬದಿಯ ಹಿಂದಿನ ಸಂದಿಯಿಂದ ಅಂಗಡಿಗೆ ಹೋಗತೊಡಗಿದರು. ಆ ಸಂದಿಯಲ್ಲಿ ಅವರಿಗೆ ಎದುರಾಗುತ್ತಿದ್ದದ್ದು ಎರಡು ಆಡುಗಳು. ಅವು ಏನೂ ಕೇಳುತ್ತಿರಲಿಲ್ಲ.

ಹುನಗುಂದಕ್ಕೆ ಹೋಗುವ ಬದಲು ಸಾಬರು ಸಂಘದ ಸಭಾಂಗಣದ ಬಾಗಿಲು ಹಾಕಿಕೊಂಡು ಏಕಾಂಗಿ ಯುದ್ಧಕ್ಕಿಳಿದರು. ಪೈಥಾನ್ ರಾಜಶ್ರೀಯ ಮನೆ ಕೇಳುತ್ತದೆ ತಾನೆ? ಅವರು ಯೂಟ್ಯೂಬ್ ನೋಡಿ ಕಲಿತು, ಹೊಸ ಕಂಪ್ಯೂಟರಿನಲ್ಲಿ ರಾಜಶ್ರೀ ಎಂಬ ಹೆಸರಿನದೇ ಒಂದು ಫೋಲ್ಡರ್ ಕಟ್ಟಿದರು. ಅದರೊಳಗೆ ಟೂಲ್ಸ್ ಎಂಬ ಕೋಣೆ. ಕೋಣೆಯೊಳಗೆ, ಈ ಯಂತ್ರದಲ್ಲೇ ಇದ್ದ ಕಂಪೈಲರಿನ ಕಡೆ ಕೈ ತೋರಿಸುವ ಒಂದು ಕೊಂಡಿ. ಅಂದರೆ ಇಲ್ಲದವಳ ಹೆಸರಿನಲ್ಲಿ ಮನೆ ಕಟ್ಟಿಸಿ, ಒಳಗೆ ಇನ್ನೊಬ್ಬಳನ್ನು ಕೂರಿಸಿ, ಇವಳೇ ಅವಳು ಎಂದು ನಂಬಿಸುವ ಹುನ್ನಾರ. ಇದರಲ್ಲಿ ಸಾಬರಿಗೆ ಈಗಾಗಲೇ ಅನುಭವವಿತ್ತು.

ಪೈಥಾನ್ ಮನೆಯನ್ನೇನೋ ಒಪ್ಪಿತು. ಆದರೆ ಕಂಪೈಲರನ್ನು ಕರೆಯುವಾಗ ಹೀಗೆ ಮಾಡು, ಹಾಗೆ ಮಾಡು ಎಂದು ಕೆಲವು ಸೂಚನೆಗಳನ್ನೂ ಕೊಡುತ್ತದೆ. ಅವೂ ಹಳೆಯ ಕಂಪೈಲರಿನ ಕಾಲದವೇ. ಹೊಸ ಕಂಪೈಲರ್ ಅದರಲ್ಲೊಂದನ್ನು ಕೇಳಿ, ಇಂಥ ಸೂಚನೆ ನನಗೆ ಗೊತ್ತಿಲ್ಲ ಎಂದು ಕೈಚೆಲ್ಲಿತು. ಸಾಬರು ಈ ದೂರನ್ನು ಓದಲೂ ಇಲ್ಲ. ಅವರು ಓದುತ್ತಿದ್ದದ್ದು ಯಾವಾಗಲೂ ಕೊನೆಯ ಸಾಲೊಂದೇ. ಕೊನೆಯ ಸಾಲು, ಏನೇ ಆಗಿದ್ದರೂ, ಆಗಲಿಲ್ಲ ಎಂದಷ್ಟೇ ಹೇಳುತ್ತದೆ.

ಆ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಹೆಂಡತಿ ಮಲಿಕಾ ತಾಟು ಹಾಕದೆ ಕೂತಿದ್ದರು. ನಳದ ಹತ್ತಿರ ಹೆಂಗಸರು, ನಿಮ್ಮ ಯಜಮಾನರು ರಾಜಶ್ರೀನ ತರಾಕ ಹೋಗ್ಯಾರಂತ, ಬಂದ್ಲೇನು ಎಂದು ಕೇಳಿದ್ದರಂತೆ. ಯಾರು ಅದು ಎಂದು ಕೇಳುವ ಅಗತ್ಯ ಮಲಿಕಾಗೆ ಬೀಳಲಿಲ್ಲ. ಅಷ್ಟು ವರ್ಷ ಮಧ್ಯಾಹ್ನದ ರೊಟ್ಟಿಯನ್ನು ಆ ಹುಡುಗಿ ಉಂಡದ್ದು ಅವರ ಅಡುಗೆಮನೆಯಲ್ಲೇ. ಮನೆಯೊಳಗಿನ ಮಾತು ಉರ್ದುವಿನಲ್ಲಿ ನಡೆಯಿತು. ಕನ್ನಡದಲ್ಲಿ ಹೇಳುವುದಾದರೆ ಹೀಗೆ: “ಅವಳ ಕೆಲಸಕ್ಕೆ ನಿಮ್ಮ ಹೆಸರು ಹಾಕಿಕೊಂಡಿರಿ, ನಾನು ಸುಮ್ಮನಿದ್ದೆ. ಈಗ ಅವಳ ಹೆಸರನ್ನೂ ತೆಗೆದು ಸಾಮಾನಿಗೆ ಇಟ್ಟಿರಾ?”

ಸಾಬರು ಊಟ ಬೇಡವೆಂದರು. ಮಲಿಕಾ ಬೇಕೆಂದು ಹೇಳಿರಲೂ ಇಲ್ಲ.

ಹುನಗುಂದದ ಬಸ್ಸಿನಲ್ಲಿ ಕೂತ ಸಾಬರು ಅಮೀನಗಡದಲ್ಲಿ ಇಳಿದು ಕರದಂಟು ಕೊಂಡರು. ಸಣ್ಣ ಡಬ್ಬಿ ಕೈಗೆತ್ತಿಕೊಂಡು, ತಮ್ಮ ತಪ್ಪನ್ನು ನೆನೆದು ಕೆಳಗಿಟ್ಟು, ದೊಡ್ಡದನ್ನು ಕಟ್ಟಿಸಿದರು. ಹುನಗುಂದದಲ್ಲಿ ರಾಜಶ್ರೀಯ ಮನೆ ಹುಡುಕಲು ಕಷ್ಟವಾಗಲಿಲ್ಲ. ಈಗ ಅವಳು ಅಲ್ಲಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು.

“ಕಾಕಾ,” ಎಂದು ಬಾಗಿಲಲ್ಲೇ ನಿಂತಳು. ಮುಖದಲ್ಲಿ ಸಂತೋಷವೇ ಇತ್ತು. ಸಾಬರಿಗೆ ಅದನ್ನು ನೋಡುವುದೇ ಕಷ್ಟವಾಯಿತು. “ಎಷ್ಟ ದಿನಾ ಆತು. ಬರ್ರಿ ಒಳಗ. ಮಲಿಕಾ ಚಾಚಿ ಆರಾಮ ಅದಾರ?”

ಚಹಾ ಬಂತು. ಸಾಬರು ಕರದಂಟಿನ ಡಬ್ಬಿಯನ್ನು ಎದುರಿಗಿಟ್ಟು ಅದರ ಮೇಲಿನ ಬರಹವನ್ನು ಶ್ರದ್ಧೆಯಿಂದ ಓದತೊಡಗಿದರು.

“ಪೇಪರಿನ್ಯಾಗ ನೋಡಿದ್ನಿ ಕಾಕಾ,” ಎಂದಳು ರಾಜಶ್ರೀ. “ಹಾರ ಭಾಳ ದೊಡ್ಡದಿತ್ತು.”

“ಹೂಂ. ಒಜ್ಜಿ ಇತ್ತು.”

“ಹೆಂಗ ಹೊತ್ರಿ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ. ಸಿಟ್ಟಿದ್ದರೆ ಬೈಸಿಕೊಂಡು ಹಗುರಾಗಬಹುದಿತ್ತು. ಸಾಬರು ಬಟ್ಟಲು ಕೆಳಗಿಟ್ಟರು. ಗೋಡೆಯ ಪಂಚೆ, ಕೆಂಪು ಸಾಲು, ಸಿದ್ದಲಿಂಗವ್ವ, ಎಲ್ಲ ಹೇಳಿದರು. ಒಂದು ಜಾಗದಲ್ಲಿ ಮಾತು ನಿಂತಿತು.

“ಮುಂದ?” ಎಂದಳು ರಾಜಶ್ರೀ.

“ಮುಂದೇನವಾ. ನಿನ್ನನ್ನ ಕಂಪೈಲರ ಮಾಡಿಬಿಟ್ನಿ.”

ರಾಜಶ್ರೀ ಅವರನ್ನೇ ನೋಡಿದಳು. ಆಮೇಲೆ ನಗು ಬಂತು. ಕೈಯ ಚಹಾ ಚೆಲ್ಲುವಷ್ಟು ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಒರೆಸಿಕೊಂಡ ಮೇಲೆ ಮುಖದಲ್ಲಿ ನಗು ಉಳಿದಿರಲಿಲ್ಲ.

“ಅಷ್ಟ ವರ್ಷಾ ಆ ಓಣ್ಯಾಗ ಓಡಾಡೀನಿ,” ಎಂದಳು. “ನನ್ನ ಹೆಸರ ಕೇಳಿ ಒಬ್ಬರಿಗೂ ನೆನಪಾಗ್ಲಿಲ್ಲಲ್ಲ ಕಾಕಾ.”

ಸಾಬರು ಮತ್ತೆ ಡಬ್ಬಿಯ ಕಡೆ ನೋಡಿದರು. ಓದಲು ಅದರ ಮೇಲೆ ಬರಹ ಉಳಿದಿರಲಿಲ್ಲ.

“ಸರಿಮಾಡೂದು ದೊಡ್ಡ ಕೆಲಸಲ್ಲ. ಫೋನಿನ್ಯಾಗ ಹೇಳಿದ್ರೂ ಆಗ್ತೈತಿ.”

“ಹೇಳಿಬಿಡವಾ ಹಂಗಾರ,” ಎಂದು ಸಾಬರ ಬಾಯಿಂದ ಹೊರಟೇಬಿಟ್ಟಿತು. ಫೋನಿನಲ್ಲಿ ಹೇಳಿಸಿಕೊಂಡರೆ ಕಿರೀಟ ಉಳಿಯುತ್ತದೆ. ಓಣಿಗೆ ಹೋಗಿ, ರಾಜಶ್ರೀ ಸಿಕ್ಕಳು, ಕೂಡಿಸಿದೆ ಎಂದರೆ ಮುಗಿಯಿತು. ಈ ವಿಚಾರ ಬಂದು ಹೋಗಲು ಒಂದು ಉಸಿರಿನ ಹೊತ್ತೂ ಹಿಡಿಯಲಿಲ್ಲ. ಆದರೆ ರಾಜಶ್ರೀ ಅದನ್ನು ಅವರ ಮುಖದ ಮೇಲೆ ಓದಿದಳು. ಅವಳು ಓದಿದಳೆಂಬುದು ಸಾಬರಿಗೂ ತಿಳಿಯಿತು. ತಮ್ಮ ಬದುಕಿನಲ್ಲಿ ಅದಕ್ಕಿಂತ ಕೆಟ್ಟ ಗಳಿಗೆ ಇಲ್ಲ ಎಂದು ಸಾಬರು ಇವತ್ತಿಗೂ ಹೇಳುತ್ತಾರೆ.

“ಬ್ಯಾಡ,” ಎಂದರು ಕೊನೆಗೆ. “ನೀನ ಬಾ. ನಾ ಮಂದಿ ಮುಂದ ಹೇಳ್ತೇನಿ.”

“ಬರ್ತೇನಿ. ಆದ್ರ ನಾ ಏನೂ ಹೇಳೂದಿಲ್ಲ ನೋಡ್ರಿ. ಹೇಳೂದು ನೀವ.”

ಭಾನುವಾರ ಸಂಘದ ಸಭಾಂಗಣ ಮತ್ತೆ ತುಂಬಿತು. ಆನಂದ ಪಂಚೆಯನ್ನು ಒಗೆಸಿ ಕಟ್ಟಿಸಿದ್ದ. ಸಾಬರು ಬಾಗಿಲು ದಾಟಿದ್ದೇ ತಡ, ಹುನಗುಂದದ ದಿಗ್ವಿಜಯಕ್ಕೆಂದು ಚೆಂಡುಹೂವಿನ ಹಾರವೊಂದು ಅವರ ಕೊರಳಿಗೆ ಬಿತ್ತು. ಹಿಂದೆ ಬಂದ ರಾಜಶ್ರೀ ಬಾಗಿಲ ಬಳಿ ಹೆಂಗಸರ ನಡುವೆ ಕೂತಳು.

ಸಾಬರು ಹಾರದೊಳಗಿಂದ ಮುಖ ಹೊರಗೆ ಚಾಚಿ ನಿಂತ ಕಾಲಲ್ಲೇ ಹೇಳಿದರು, “ಅಣ್ಣಾರ, ಅಕ್ಕಾರ, ಈ ಪ್ರೋಗ್ರಾಮ್ ನಾ ಮಾಡಿದ್ದಲ್ಲ. ಇದನ್ನೆಲ್ಲಾ ಮಾಡಿದಾಕಿ ರಾಜಶ್ರೀ.”

ಸಭೆ ಮೆಚ್ಚುಗೆಯಿಂದ ತಲೆದೂಗಿತು.

“ಎಂಥಾ ದೊಡ್ಡ ಗುಣಾ ನೋಡ್ರಿ,” ಎಂದ ಆನಂದ ಸಭೆಗೆ. “ಹೆಸರೆಲ್ಲಾ ಕಂಪೈಲರಿಗೆ ಬಿಟ್ಟುಕೊಟ್ರು.”

“ಅಲ್ಲಪಾ, ಖರೇನ ಆಕಿನ ಮಾಡ್ಯಾಳ.”

“ಹೌದ್ರಿ, ಹೋದ ಸಲಾನ ಹೇಳಿದ್ರಲ್ಲ. ಆಕಿ ಇಲ್ಲಂದ್ರ ನಡಿಯೂದ ಇಲ್ಲಂತ.”

ಚಪ್ಪಾಳೆ ಬಿತ್ತು. ಸಾಬರು ಗೋಳಾಡಿದಷ್ಟೂ ಚಪ್ಪಾಳೆ ಬಿತ್ತು. ಅವರು ತಿಂಗಳುಗಟ್ಟಲೆ ಅಡಗಿಸಿದ್ದ ನಿಜ ಕೊನೆಗೆ ಬಾಯಿಗೆ ಬಂದರೆ, ವಾರದ ಹಿಂದೆ ಹುಟ್ಟಿದ ಸುಳ್ಳು ಬಾಗಿಲಲ್ಲಿ ನಿಂತು ಅದನ್ನು ಒಳಗೆ ಬಿಡಲೊಲ್ಲದು. ಕೊನೆಗೆ ಸಾಬರು ಬಾಗಿಲ ಕಡೆ ಕೈ ಮಾಡಿ, ಅರ್ಧ ಅಳುವ ದನಿಯಲ್ಲಿ ಹೇಳಿದರು.

“ರಾಜಶ್ರೀ ಅಂದ್ರ ಸಾಮಾನಲ್ರಿ. ಮನಶ್ಯಾ. ಅಲ್ಲಿ ಕುಂತಾಳ. ಅವತ್ತ ನಾ ಸುಳ್ಳ ಹೇಳಿದ್ನಿ. ಅದಕ್ಕಿಂತ ಮೊದಲು ಹೇಳಲಾರದ ಸುಮ್ಮಿದ್ನಿ. ಎರಡೂ ನಂದ ತಪ್ಪು.”

ಎಲ್ಲರೂ ತಿರುಗಿದರು. ರಾಜಶ್ರೀ ಎದ್ದು ನಿಂತಳು. ಸಿದ್ದಲಿಂಗವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, “ಅಯ್ಯ, ಇದು ನಮ್ಮ ಗುಡೂರ ಹುಡುಗಿ ಅಲ್ಲೇನ?” ಎಂದಳು.

ಅಲ್ಲಿಯವರೆಗೆ ಸಾಬರೊಬ್ಬರದೇ ಆಗಿದ್ದ ನಾಚಿಕೆ ಚಾಪೆಯ ಮೇಲೆ ಕೂತವರಿಗೂ ಅಷ್ಟಷ್ಟು ಹಂಚಿಹೋಯಿತು. ಬಸ್ ತಪ್ಪಿದ ದಿನ ಈ ಹುಡುಗಿಗೆ ಮನೆಯ ಕಟ್ಟೆಯ ಮೇಲೆ ಜಾಗ ಕೊಟ್ಟವರಿದ್ದರು, ನೀರು ಕೊಟ್ಟವರಿದ್ದರು. ಹೆಸರು ಕೇಳಿದವರಿರಲಿಲ್ಲ.

ಸಾಬರು ಹಾರ ತೆಗೆಯಲು ಹೋದರು. ಅದು ಕನ್ನಡಕದ ಕಡ್ಡಿಗೆ ಸಿಕ್ಕಿಕೊಂಡಿತು. ಕನ್ನಡಕ ಬಿಡಿಸಿದರೆ ಟೊಪ್ಪಿಗೆ ಬಂತು. ಅಂತೂ ಕೈಗೆ ಬಂದ ಹಾರ ಹಿಡಿದು ರಾಜಶ್ರೀಯ ಕಡೆ ಒಂದು ಹೆಜ್ಜೆ ಇಟ್ಟವರು ಅಲ್ಲಿಯೇ ನಿಂತರು. ಗಂಡಸು ಹೆಣ್ಣುಮಗಳ ಕೊರಳಿಗೆ ಹಾರ ಹಾಕುವುದು ಲಗ್ನದಲ್ಲಿ ಮಾತ್ರ. ಮುಂದೆ ಹೋಗುವಂತಿಲ್ಲ, ಮರಳಿ ತಾವೇ ಹಾಕಿಕೊಳ್ಳುವಂತೆ ಮೊದಲೇ ಇಲ್ಲ. ಬರಿತಲೆಯಲ್ಲಿ, ಕನ್ನಡಕವಿಲ್ಲದೆ, ಚೆಂಡುಹೂವಿನ ಹಾರವನ್ನು ಎರಡೂ ಕೈಯಲ್ಲಿ ಹಿಡಿದು ನಕ್ಷೆಯ ಚಕ್ರವರ್ತಿಗಳು ಸಭೆಯ ನಡುವೆ ನಿಂತಿದ್ದರು.

ಸಿದ್ದಲಿಂಗವ್ವ ಮೊಣಕಾಲು ಹಿಡಿದು ಎದ್ದಳು. “ಕೊಡಪಾ ಇಲ್ಲೆ,” ಎಂದು ಹಾರ ತೆಗೆದುಕೊಂಡು ರಾಜಶ್ರೀಯ ಕೊರಳಿಗೆ ಹಾಕಿ, ಗಲ್ಲ ಹಿಡಿದು, “ರಾಜಶ್ರೀ,” ಎಂದಳು. ಸರಿಯಾಗಿ ಬಂತೇ ಎಂದು ನೋಡಿಕೊಳ್ಳುವಂತೆ ಇನ್ನೊಮ್ಮೆ, “ರಾಜಶ್ರೀ,” ಎಂದಳು.

ರಾಜಶ್ರೀ ಹಾರದಲ್ಲೇ ಕಂಪ್ಯೂಟರಿನ ಮುಂದೆ ಕೂತಳು. ಸಾಬರು ಕಟ್ಟಿದ್ದ ಫೋಲ್ಡರ್ ಕಣ್ಣಿಗೆ ಬಿತ್ತು. “ಇದೇನ್ರಿ ಕಾಕಾ, ನನ್ನ ಹೆಸರ್ಲೆ ಮನಿ ಕಟ್ಟೀರಿ?”

“ಕಟ್ಟಿದ್ನಿ. ನಡೀಲಿಲ್ಲ.”

“ಇದು ಹಾಸು ಕೂಡಿಸಿದಂಗಲ್ರಿ. ಇಲ್ಲಿ ಹಳೇದನ್ನ ಪೂರ್ತಿ ಕಿತ್ತ ಹೊಸದಾಗಿ ಹೂಡಬೇಕು.” ಹಾಗೆನ್ನುತ್ತಲೇ ತನ್ನ ಹಳೆಯ ಪೈಥಾನನ್ನು ಅಳಿಸಿ, ಈ ಯಂತ್ರದ್ದೇ ಪೈಥಾನಿಗೆ ಸಿ ಪಾಲನ್ನು ಕೂಡಿಸಲು ಹೇಳಿದಳು. ಅದು ತನ್ನನ್ನು ಕಟ್ಟಿದ ಕಂಪೈಲರನ್ನು ನೆನೆದುಕೊಂಡಿತು. ಆ ಕಂಪೈಲರ್ ಇಲ್ಲೇ ಇತ್ತು. ಮತ್ತೆ ಕೆಂಪು ಸಾಲು ಬಂತು. ರಾಜಶ್ರೀ ಕೊನೆಯ ಸಾಲನ್ನು ನೋಡದೆ ಮೇಲಕ್ಕೆ ಸರಿದು, ಮೊದಲ ದೂರನ್ನು ಹುಡುಕಿ ಓದಿದಳು. ಒಂದು ಸಣ್ಣ ಫೈಲು ಸಿಕ್ಕಿರಲಿಲ್ಲ. ಇಂಟರ್ನೆಟ್ಟಿನಿಂದ ಅದನ್ನು ತರಿಸಿ ಹಾಕಿದಳು. ಈ ಬಾರಿ ಸಾಲುಗಳು ನಿಲ್ಲದೆ ಹರಿದು ಸುಮ್ಮನೆ ಮುಗಿದವು.

“ಆತೇನ?” ಎಂದ ಆನಂದ, ಏನೂ ಬರದ್ದನ್ನು ನೋಡಿ.

“ಆತು. ಸುಮ್ಮಿದ್ರ ಆತು ಅಂತನ.”

ಸಾಬರು ಬಗ್ಗಿ ಮೆಲ್ಲಗೆ ಕೇಳಿದರು, “ಈಗ ಇದರಾಗ ನಿನ್ನ ಹೆಸರ ಎಲ್ಲೂ ಉಳೀಲಿಲ್ಲೇನವಾ?”

“ಉಳೀಬಾರ್ದು ಕಾಕಾ. ಕಂಪೈಲರಿನ ದಾರ್ಯಾಗ ನನ್ನ ಹೆಸರಿದ್ರ ನಾಳೆ ಮತ್ತ ನಿಲ್ತೈತಿ. ಹೆಸರಿರೂ ಜಾಗಾ ಬ್ಯಾರೆ ಐತಿ.”

ಎಲ್ಲಿ ಎಂದು ಅವಳು ಹೇಳಲಿಲ್ಲ, ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಸಾಬರು ಕೂತು, ಒಂದೊಂದೇ ಕೀಲಿ ಹುಡುಕಿ ಒತ್ತಿ, ತಾವು ಬರೆದಿದ್ದ ಏಕೈಕ ಸಾಲನ್ನು ಅಳಿಸಿ, ಆ ಜಾಗದಲ್ಲಿ ಬೇರೆ ಬರೆದರು. ಮುಂದಿನ ಸಲ ತೆರೆದಾಗ ಗೋಡೆಯ ಪಂಚೆಯ ಮೇಲೆ, ‘ರಚನೆ: ರಾಜಶ್ರೀ, ಗುಡೂರು. ನಕ್ಷೆ: ಮುರ್ತುಜಸಾಬ’ ಎಂದು ಬಂತು. ಆಮೇಲೆ ನವಿಲಿನ ಚೌಕಗಳು ಬಂದವು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹೊಡೆದರೆ ಯಾರಿಗೆ ಸಲ್ಲುತ್ತದೋ ಎಂದು ಎಲ್ಲರಿಗೂ ಸಂಕೋಚವಾಗಿತ್ತು.

ಸಾಬರು ಈಗ ಮತ್ತೆ ಮುಂದಿನ ಓಣಿಯಿಂದಲೇ ಅಂಗಡಿಗೆ ಹೋಗುತ್ತಾರೆ. ಮಗ್ಗಗಳು ನಿಲ್ಲುವುದಿಲ್ಲ. ಆದರೆ ಊರಿನ ಬಾಯಿಗೆ ಒಮ್ಮೆ ಹತ್ತಿದ ಮಾತು ಹೋಗುವುದು ಸುಲಭವಲ್ಲ. ಹೊಸ ಕಂಪ್ಯೂಟರ್ ಕೊಂಡವರು ಇವತ್ತಿಗೂ ಅದನ್ನು ಸಾಬರ ಅಂಗಡಿಗೆ ಹೊತ್ತು ತಂದು, “ಇದರಾಗ ರಾಜಶ್ರೀ ಹಾಕಿ ಕೊಡ್ರಿ,” ಎನ್ನುತ್ತಾರೆ. ಸಾಬರಿಗೆ ಪ್ರತಿ ಸಲವೂ ಕಿವಿ ಬಿಸಿಯಾಗುತ್ತವೆ. ಪ್ರತಿ ಸಲವೂ ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಚಹಾ ತರಿಸಿ, “ರಾಜಶ್ರೀ ಅಂದ್ರ ಸಾಮಾನಲ್ಲಪಾ,” ಎಂದು ಸುರುಮಾಡಿ, ಹಾರ, ಪಂಚೆ, ಹುನಗುಂದ, ಕರದಂಟು, ಏನನ್ನೂ ಬಿಡದೆ ಹೇಳುತ್ತಾರೆ. ಚಹಾ ಆರಿಹೋಗುತ್ತದೆ. ಹೇಳಿ ಮುಗಿಸಿದ ಮೇಲೆ ತಮ್ಮ ಚಪ್ಪಲಿಗಳನ್ನು ನೋಡುತ್ತ ಕೇಳುತ್ತಾರೆ, “ಮತ್ತ ನಿನ್ನ ಹೆಸರೇನಪಾ?”